ಸಹಾಯ ಬೇಕು: ಕಾರು ಮಾರೋ ಫೋಟೋದಲ್ಲಿ ನಂಬರ್ ಪ್ಲೇಟ್ ಮುಚ್ಚಬೇಕಾ?

ಎಲ್ಲರಿಗೂ ನಮಸ್ಕಾರ. ಮಂಗಳೂರು ನೋಂದಣಿಯ (ಕೆಎ 19) ಪೆಟ್ರೋಲ್ ಕಾರು ಮಾರೋಕೆ 8 ಫೋಟೋ ರೆಡಿ ಇವೆ, ಹಾಕೋಕೆ ಧೈರ್ಯ ಬರ್ತಿಲ್ಲ. ವಾಹನಗಳ ಮಾಹಿತಿ ತೋರಿಸೋ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನಂಬರ್ ಹೊಡೆದ್ರೆ ಮಾಲೀಕರ ಹೆಸರು ಅರ್ಧಂಬರ್ಧ ಮರೆಯಾಗೇ ಬರುತ್ತೆ, ಅದು ದೊಡ್ಡ ಚಿಂತೆ ಅಲ್ಲ. ಅದೇ ಮಾಡೆಲ್, ಅದೇ ಬಣ್ಣದ ಇನ್ನೊಂದು ಕಾರಿಗೆ ಯಾರಾದ್ರೂ ಈ ನಂಬರ್ ಹಾಕಿಕೊಂಡ್ರೆ ಕ್ಯಾಮೆರಾ ದಂಡ ಅಸಲಿ ಮಾಲೀಕರ ಹೆಸರಿಗೇ ಬರುತ್ತೆ. ಭಯ ಅದು.

ಫೋನಿನ ಹೈಲೈಟರ್‌ನಲ್ಲಿ ಬಳಿದು ನೋಡಿದೆ. ಬ್ರೈಟ್‌ನೆಸ್ ಏರಿಸಿದ್ರೆ ಅಂಕಿ ಮತ್ತೆ ಕಾಣುತ್ತೆ, ಯಾಕಂದ್ರೆ ಆ ಬಣ್ಣದಿಂದ ಹಿಂದಿನದು ಪೂರ್ತಿ ಮುಚ್ಚಲ್ಲ. ಈಗ ಗಟ್ಟಿ ಕಪ್ಪು ಚೌಕ ಇಟ್ಟು, ಅದರ ಸ್ಕ್ರೀನ್‌ಶಾಟ್ ತೆಗೆದು ಬಳಸ್ತಿದೀನಿ. ಹಾಗೆ ಮಾಡಿದ್ರೆ ಫೋಟೋದೊಳಗಿನ ಜಿಪಿಎಸ್ (ತೆಗೆದ ಜಾಗದ) ಮಾಹಿತಿಯೂ ಅಳಿಸಿ ಹೋಗುತ್ತೆ. ಮುಂದಿನ ಗಾಜಿನ ಒಳಗಿರೋ, ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಜೊತೆ ಬರೋ ಎಚ್‌ಎಸ್‌ಆರ್‌ಪಿ ಸ್ಟಿಕ್ಕರನ್ನೂ ಮುಚ್ಚಿದೀನಿ, ಅದರಲ್ಲಿ ನೋಂದಣಿ ಸಂಖ್ಯೆ ಜೊತೆ ಎಂಜಿನ್, ಚಾಸಿ ನಂಬರೂ ಇರುತ್ತೆ.

ಗೊಂದಲ ಇಲ್ಲಿ: ಬಾಕಿ ದಂಡ, ವಿಮೆ, ಸಾಲದ ನಮೂದು ನೋಡೋಕೆ ಕೊಳ್ಳೋರು ನಂಬರ್ ಕೇಳೇ ಕೇಳ್ತಾರೆ, ಕೇಳೋದು ತಪ್ಪೂ ಅಲ್ಲ. ಪೂರ್ತಿ ಮುಚ್ಚಿದ್ರೆ ಅನುಮಾನ ಪಡ್ತಾರೆ. ಇತ್ತೀಚೆಗೆ ಕಾರು ಮಾರಿದವರು ದಯವಿಟ್ಟು ಹೇಳಿ: 'ಕೆಎ 19' ಮಾತ್ರ ಕಾಣೋ ಹಾಗೆ ಬಿಟ್ಟು, ಗಾಡಿ ನೋಡೋಕೆ ಬಂದವರಿಗಷ್ಟೇ ಪೂರ್ತಿ ನಂಬರ್ ಕೊಟ್ರೆ ಸಾಕಾ, ಇಲ್ಲಾ ಫೋನ್ ಮಾಡಿದಾಗಲೇ ಕೊಡಬೇಕಾ?