ಮೈನರ್ ಲೀಗ್ ಕ್ಯಾಚರ್‌ಗಳನ್ನ ಹೋಲಿಸೋದು ಹೇಗೆ? ಅಪ್ಪ-ಮಗನ ಜಗಳಕ್ಕೆ ಉತ್ತರ ಬೇಕು

ಪ್ರಶ್ನೆ, ಸಿಯಾಟಲ್ ಹತ್ತಿರದಿಂದ

ಮೇಡಂ, ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವನು, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಮಗನಿಂದ ನನಗೂ ಬೇಸ್‌ಬಾಲ್ ಹುಚ್ಚು ಹತ್ತಿದೆ. ಇಲ್ಲಿನ ಮೇಜರ್ ಲೀಗ್ ತಂಡ ಮ್ಯಾರಿನರ್ಸ್ ಟಿಕೆಟ್ ಪ್ರತಿ ವಾರ ಕೊಳ್ಳೋಕಾಗಲ್ಲ, ಹಾಗಾಗಿ ಬೇಸಿಗೆಯಲ್ಲಿ ಎವರೆಟ್‌ಗೆ ಹೋಗಿ ಅವರದೇ ಕಿರಿಯರ ತಂಡ ಆಕ್ವಾಸಾಕ್ಸ್ ಆಟ ನೋಡ್ತೀವಿ. ಮಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಮೇಜರ್ ಲೀಗ್‌ಗಿಂತ ಕೆಳಗಿನ ಮೈನರ್ ಲೀಗ್‌ನ ಕ್ಯಾಚರ್‌ಗಳ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋರು) ವಯಸ್ಸು, ಯಾವ ಹಂತ, ಬ್ಯಾಟಿಂಗ್ ಸರಾಸರಿ, ಹೋಮ್ ರನ್ ಎಲ್ಲಾ ಬರೆದು ಒಂದು, ಎರಡು, ಮೂರು ಅಂತ ನಂಬರ್ ಕೊಡ್ತಾನೆ. ಇಷ್ಟೆಲ್ಲ ಯಾಕೆ, ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸಿಕೊಳ್ಳೋವಾಗ, ಯಾರನ್ನ ಮೊದಲು ತಗೊಂಡರೋ ಅವನೇ ಮೇಲು ಅನ್ನೋದು ನನ್ನ ವಾದ. ಅದಕ್ಕವನು 2018ರ ಡ್ರಾಫ್ಟ್ ತೆಗೆದು ಮುಂದಿಟ್ಟ: ಜೋಯಿ ಬಾರ್ಟ್ 2ನೇ ಆಯ್ಕೆ, ನಮ್ಮ ಮ್ಯಾರಿನರ್ಸ್‌ನ ಈಗಿನ ಸ್ಟಾರ್ ಕ್ಯಾಲ್ ರಾಲಿ 90ನೇ ಆಯ್ಕೆ. ನಾನು ಸುಮ್ಮನಾದೆ. ಆದರೆ ಅವನ ನೋಟ್‌ಬುಕ್ ಲೆಕ್ಕದಲ್ಲೂ ಆಗ ರಾಲಿ ಮೇಲೆ ಬರ್ತಿರಲಿಲ್ಲ! ನೀವು ಇದೇ ಕೆಲಸದಲ್ಲಿರೋರು. ನೀವೆಲ್ಲ ಹೇಗೆ ಹೋಲಿಸ್ತೀರಿ?

ಉತ್ತರ

ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನನಗೆ ಈ ಕೆಲಸ ಸಿಕ್ಕಿದ್ದೇ ಇಂಥದ್ದೊಂದು ನೋಟ್‌ಬುಕ್‌ನಿಂದ. ಈಗ ಒಂದು ಕ್ಲಬ್‌ಗೆ ಕಿರಿಯ ಕ್ಯಾಚರ್‌ಗಳ ವಿಡಿಯೋ ನೋಡಿ ವರದಿ ಬರೀತೀನಿ. ಕ್ಲಬ್ ಹೆಸರು ಇಲ್ಲಿ ಬೇಡ.

ನಿಮ್ಮ ಮಗ ಎತ್ತಿಕೊಂಡ ಜೋಡಿಗಿಂತ ಒಳ್ಳೆ ಜೋಡಿ ಸಿಗೋದು ಕಷ್ಟ. ರಾಲಿ ಹುಟ್ಟಿದ್ದು 1996ರ ನವೆಂಬರ್ 26, ಬಾರ್ಟ್ ಡಿಸೆಂಬರ್ 15. ಹತ್ತೊಂಬತ್ತು ದಿನದ ಅಂತರ. ಒಬ್ಬ ಫ್ಲಾರಿಡಾ ಸ್ಟೇಟ್, ಇನ್ನೊಬ್ಬ ಜಾರ್ಜಿಯಾ ಟೆಕ್. ಕಾಲೇಜಿನಲ್ಲಿ ಆಡಿದ್ದು ಒಂದೇ ಕಾನ್ಫರೆನ್ಸ್‌ನಲ್ಲಿ. ಡ್ರಾಫ್ಟ್ ಆದ ಬೇಸಿಗೆಯಲ್ಲಿ ಇಬ್ಬರೂ ನಾರ್ತ್‌ವೆಸ್ಟ್ ಲೀಗ್‌ನಲ್ಲಿದ್ದರು: ಬಾರ್ಟ್ ಸೇಲಂ-ಕೈಜರ್‌ನಲ್ಲಿ, ರಾಲಿ ನೀವು ಕೂತು ನೋಡೋ ಅದೇ ಎವರೆಟ್‌ನಲ್ಲಿ. ಮರುವರ್ಷ ಇಬ್ಬರೂ ಕ್ಯಾಲಿಫೋರ್ನಿಯಾ ಲೀಗ್, ಆಮೇಲೆ ಇಬ್ಬರೂ ಡಬಲ್-ಎ, ಅಂದರೆ ಮೇಜರ್ ಲೀಗ್‌ಗೆ ಎರಡು ಮೆಟ್ಟಿಲು ಕೆಳಗಿನ ಹಂತ. ಅಂದರೆ ವಯಸ್ಸು, ಹಂತ ಅನ್ನೋ ಕಾಲಂಗಳಲ್ಲಿ ಇಬ್ಬರದೂ ಒಂದೇ ಉತ್ತರ, ಆ ಎರಡು ಕಾಲಂನಿಂದ ಏನೂ ತಿಳಿಯೋದಿಲ್ಲ. 2019ರ ಕೊನೆಗೆ ಯಾರನ್ನೇ ಕೇಳಿದ್ದರೂ ಬಾರ್ಟ್ ಮುಂದೆ ಅಂತಿದ್ದರು. ರಾಲಿ ಆ ವರ್ಷ 29 ಹೋಮ್ ರನ್ ಬಾರಿಸಿದ್ದ, ಆದರೂ.

ಬೇರೆ ಕಾಲಂ ಒಂದಿತ್ತು, ಅದನ್ನ ಯಾರೂ ಗಟ್ಟಿಯಾಗಿ ಓದಲಿಲ್ಲ: ಎಷ್ಟು ಆಡಿದ್ದಾನೆ? 2019ರಲ್ಲಿ ಬಾರ್ಟ್ ಕೈಗೆ ಚೆಂಡು ಬಡಿದು ಮೂಳೆ ಮುರೀತು, ವಾರಗಟ್ಟಲೆ ಹೊರಗೆ ಕೂತ. ಆ ಶರತ್ಕಾಲದಲ್ಲಿ ಅರಿಜೋನಾದಲ್ಲಿ ಆಡುವಾಗ ಮತ್ತೆ ಚೆಂಡು ಬಡಿದು ಹೆಬ್ಬೆರಳು ಮುರೀತು. ಹೀಗಾಗಿ ಡಬಲ್-ಎಯಲ್ಲಿ ಅವನು ಆಡಿದ್ದು ಬರೀ 22 ಪಂದ್ಯ. 2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಇಡೀ ರದ್ದಾಯ್ತು. ಬಾರ್ಟ್‌ನ ತಂಡ ಜಯಂಟ್ಸ್‌ನ ಹಿರಿಯ ಕ್ಯಾಚರ್ ಬಸ್ಟರ್ ಪೋಸಿ ಆ ವರ್ಷ ಆಡೋದಿಲ್ಲ ಅಂದ, ಆಗಸ್ಟ್‌ನಲ್ಲಿ ಬಾರ್ಟ್‌ನನ್ನ ಮೇಲಕ್ಕೆ ಕರೆದರು. 33 ಪಂದ್ಯದಲ್ಲಿ 41 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), 3 ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಪುಕ್ಕಟೆ ಬೇಸ್), ಹೋಮ್ ರನ್ ಸೊನ್ನೆ. ಹೊರಗೆ ಹೋಗೋ ಚೆಂಡಿಗೆ ಬ್ಯಾಟ್ ಬೀಸೋ ಚಾಳಿ ಅವನಿಗೆ ಮೊದಲಿಂದ ಇತ್ತು, ಅದನ್ನ ಬಿಡಿಸೋ ಜಾಗ ಡಬಲ್-ಎ. ಅವನಿಗೆ ಅದು ಪ್ರಪಂಚದ ಅತಿ ಕಠಿಣ ಪಿಚರ್‌ಗಳ ಎದುರು ಆಗಬೇಕಾಯ್ತು. ಅದರ ಜೊತೆಗೆ ತಂಡದ ಹನ್ನೆರಡು ಹದಿಮೂರು ಪಿಚರ್‌ಗಳಲ್ಲಿ ಯಾರ ಸ್ಲೈಡರ್ (ಕೊನೇಲಿ ಪಕ್ಕಕ್ಕೆ ತಿರುಗೋ ಚೆಂಡು) ಎಲ್ಲಿ ತಿರುಗುತ್ತೆ ಅನ್ನೋದನ್ನೂ ಕಲೀಬೇಕು. ಬೇರೆ ಆಟಗಾರ ಪೆವಿಲಿಯನ್‌ನಲ್ಲಿ ಕೂತು ಬ್ಯಾಟಿಂಗ್ ಬಗ್ಗೆ ಯೋಚಿಸ್ತಾನೆ. ಕ್ಯಾಚರ್‌ಗೆ ಆ ಪುರಸೊತ್ತಿಲ್ಲ. ಅದಕ್ಕೇ ಕ್ಯಾಚರ್‌ಗಳ ಬ್ಯಾಟು ತಡವಾಗಿ ಹಣ್ಣಾಗುತ್ತೆ.

ಹಾಗಂತ ರಾಲಿಯದ್ದೇನು ಹೂವಿನ ದಾರಿಯಲ್ಲ. 2021ರಲ್ಲಿ ಟಕೋಮದಲ್ಲಿ (ಮ್ಯಾರಿನರ್ಸ್‌ನ ಟ್ರಿಪಲ್-ಎ ತಂಡ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ) ಚೆನ್ನಾಗಿ ಆಡಿ ಮೇಲೆ ಬಂದವನು ಸಿಯಾಟಲ್‌ನಲ್ಲಿ 47 ಪಂದ್ಯ ಆಡಿ ಹೊಡೆದದ್ದು .180 ಸರಾಸರಿ (ನೂರು ಸಲಕ್ಕೆ ಹದಿನೆಂಟೇ ಹಿಟ್), ಹೋಮ್ ರನ್ ಎರಡು. ಮರುವರ್ಷ ವಸಂತದಲ್ಲಿ ವಾಪಸ್ ಟಕೋಮಕ್ಕೆ ಕಳಿಸಿದರು. ಆ ಪುಟ ಒಂದೇ ನೋಡಿದ್ದರೆ ನಿಮ್ಮ ಮಗ ಅವನ ಹೆಸರು ಹೊಡೆದು ಹಾಕ್ತಿದ್ದ. ಇನ್ನೊಬ್ಬ ಕ್ಯಾಚರ್ ಗಾಯಗೊಂಡಾಗ ಮತ್ತೆ ಕರೆಸಿಕೊಂಡರು. ಆ ವರ್ಷವೂ ಸರಾಸರಿ .211 ಅಷ್ಟೇ, ಆದರೆ ಹೋಮ್ ರನ್ 27. ತಂಡವನ್ನ ಪ್ಲೇಆಫ್‌ಗೆ (ಪ್ರಶಸ್ತಿ ಸುತ್ತಿಗೆ) ಒಯ್ದ ಸೆಪ್ಟೆಂಬರ್ 30ರ ರಾತ್ರಿಯ ಹೊಡೆತದ ಬಗ್ಗೆ ಸಿಯಾಟಲ್‌ನವರಿಗೆ ನಾನು ಹೇಳಬೇಕಿಲ್ಲ. 2001ರಿಂದ ಪ್ಲೇಆಫ್ ಕಾಣದ ಊರು! .211 ಹೊಡೆಯೋವನನ್ನ ದಿನಾ ಆಡಿಸಿದ್ದು ಯಾಕೆ? ಬರೀ ಹೋಮ್ ರನ್‌ಗಲ್ಲ. ಪ್ಲೇಟ್ (ಬ್ಯಾಟರ್ ನಿಲ್ಲೋ ಜಾಗ) ಹಿಂದೆ ಅವನ ಕೆಲಸ ಗಟ್ಟಿಯಾಗಿತ್ತು, ಪಿಚರ್‌ಗಳಿಗೆ ಅವನ ಮೇಲೆ ನಂಬಿಕೆ ಇತ್ತು. ಆ ಕೆಲಸಕ್ಕೆ 2024ರಲ್ಲಿ ಲೀಗ್‌ನ ಅತ್ಯುತ್ತಮ ಫೀಲ್ಡರ್‌ಗೆ ಕೊಡೋ ಪ್ಲಾಟಿನಂ ಗ್ಲವ್ ಬಂತು. ಬ್ಯಾಟು ಹಣ್ಣಾಗೋವರೆಗೂ ಅವನನ್ನ ತಂಡದಲ್ಲಿ ಉಳಿಸಿದ್ದು ಗ್ಲವ್. 2025ರ 60 ಹೋಮ್ ರನ್ ಆಮೇಲಿನ ಮಾತು.

ಬಾರ್ಟ್ ಕೂಡ ಮುಗಿದು ಹೋಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ 80 ಪಂದ್ಯದಲ್ಲಿ .265 ಹೊಡೆದ, 13 ಹೋಮ್ ರನ್. ಅಷ್ಟು ಹೊತ್ತಿಗೆ ವಯಸ್ಸು 27. ಹಾಗಾಗಿ ಇಬ್ಬರು ಕ್ಯಾಚರ್‌ಗಳನ್ನ 22ನೇ ವಯಸ್ಸಿನಲ್ಲಿ ಪಕ್ಕಪಕ್ಕ ಇಟ್ಟು ತೀರ್ಪು ಕೊಡಿ ಅಂದರೆ ನಾನು ಕೊಡೋದಿಲ್ಲ. ಯಾರ ತಪ್ಪು ಕಡಿಮೆ ಆಗ್ತಾ ಬರ್ತಿದೆ ಅಂತ ಮಾತ್ರ ಹೇಳ್ತೀನಿ.

ನೋಟ್‌ಬುಕ್‌ನಲ್ಲಿ ಸರಾಸರಿ ಕಾಲಂ ಅಳಿಸೋಕೆ ಹೇಳಿ. ಅದರ ಜಾಗದಲ್ಲಿ ಸ್ಟ್ರೈಕ್‌ಔಟ್ ಮತ್ತು ವಾಕ್, ಅದೂ ಸೀಸನ್‌ನ ಮೊದಲ ಅರ್ಧ ಬೇರೆ, ಎರಡನೇ ಅರ್ಧ ಬೇರೆ. ಆಗಸ್ಟ್‌ಗೆ ಕ್ಯಾಚರ್ ಮಂಡಿ ಸೋತಿರುತ್ತೆ, ಎರಡನೇ ಅರ್ಧದಲ್ಲಿ ಅಂಕಿ ಬಿದ್ದರೆ ಅದು ಬ್ಯಾಟಿನ ದೋಷವೋ ದಣಿವೋ ಅಂತ ಯೋಚಿಸಬೇಕು. ಪ್ಲೇಟ್ ಹಿಂದೆ ಕೂತ ಇನಿಂಗ್ಸ್ ಎಷ್ಟು ಅನ್ನೋದಕ್ಕೊಂದು ಕಾಲಂ. ಆಮೇಲೆ ಒಂದು ಮೊಬೈಲ್ ಸ್ಟಾಪ್‌ವಾಚ್. ಚೆಂಡು ಕ್ಯಾಚರ್ ಗ್ಲವ್‌ಗೆ ಬಡಿದ ಸದ್ದಿಗೆ ಒತ್ತಿ, ಎರಡನೇ ಬೇಸ್‌ನಲ್ಲಿ ನಿಂತವನ ಗ್ಲವ್‌ಗೆ ಬಿದ್ದಾಗ ನಿಲ್ಲಿಸಿ. ಮುಂದಿನ ಬೇಸ್ ಕದಿಯೋಕೆ ಓಡೋವನನ್ನ ಔಟ್ ಮಾಡೋ ಈ ಎಸೆತದ ವೇಳೆಯೇ ಪಾಪ್ ಟೈಮ್. ಎರಡು ಸೆಕೆಂಡ್ ಆಸುಪಾಸು ಸಾಧಾರಣ, 1.9 ಅಂದರೆ ಜಬರ್ದಸ್ತ್. ವ್ಯತ್ಯಾಸ ಹತ್ತನೇ ಒಂದು ಸೆಕೆಂಡ್ ಅಷ್ಟೇ ಅನ್ನಬೇಡಿ, ಓಡೋವನು ಅಷ್ಟರಲ್ಲಿ ಹೆಚ್ಚುಕಡಿಮೆ ಮೂರಡಿ ಮುಂದೆ ಹೋಗಿರ್ತಾನೆ. 2023ರಲ್ಲಿ ಬೇಸ್ 15 ಇಂಚಿಂದ 18 ಇಂಚಾಯ್ತು, ಪಿಚರ್ ಬೇಸ್ ಕಡೆ ಎಸೆಯೋದಕ್ಕೂ ಮಿತಿ ಬಂತು. ಮೇಜರ್ ಲೀಗ್‌ನಲ್ಲಿ ಬೇಸ್ ಕದಿಯೋದು ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಹೋಯ್ತು. ಕೈ ನಿಧಾನ ಇರೋ ಕ್ಯಾಚರ್ ಈಗ ಬಚ್ಚಿಟ್ಟುಕೊಳ್ಳೋಕಾಗಲ್ಲ.

ಇನ್ನು ನಿಮ್ಮ ಡ್ರಾಫ್ಟ್ ವಾದಕ್ಕೆ: 2008ರಲ್ಲಿ 5ನೇ ಆಯ್ಕೆ ಬಸ್ಟರ್ ಪೋಸಿ, 6ನೇ ಆಯ್ಕೆ ಕೈಲ್ ಸ್ಕಿಪ್‌ವರ್ತ್. ಇಬ್ಬರೂ ಕ್ಯಾಚರ್. ಪೋಸಿಗೆ ಮೂರು ವರ್ಲ್ಡ್ ಸೀರೀಸ್ ಕಿರೀಟ, ಒಂದು ಎಂವಿಪಿ (ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ). ಹೈಸ್ಕೂಲ್‌ನಿಂದ ನೇರ ಬಂದ ಸ್ಕಿಪ್‌ವರ್ತ್ ಮೇಜರ್ ಲೀಗ್‌ನಲ್ಲಿ ಆಡಿದ್ದು ನಾಲ್ಕು ಪಂದ್ಯ. ಮಗ ಗೆದ್ದ, ಬಿಡಿ.

ಪ್ರಶ್ನೆ, ಬೆಂಗಳೂರಿಂದ

ಅಕ್ಕಾ, ನಾನು ಬೇಸ್‌ಬಾಲ್ ಹೊಸಬ. ಕ್ಯಾಚರ್ ಅಂದರೆ ವಿಕೆಟ್‌ಕೀಪರ್ ತಾನೆ? 2003ರ ವಿಶ್ವಕಪ್‌ನಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲಿ ಅಂತ ನಮ್ಮ ದ್ರಾವಿಡ್ ಕೈಗೆ ಗ್ಲವ್ಸ್ ಕೊಟ್ಟರಲ್ಲ, ಹಂಗೆ ಅಲ್ಲೂ ಮಾಡ್ತಾರಾ?

ಉತ್ತರ

ಇಲ್ಲಿ ಉಲ್ಟಾ ತಮ್ಮಾ. ಬ್ಯಾಟು ತುಂಬಾ ಚೆನ್ನಾಗಿದ್ದರೆ ಗ್ಲವ್ಸ್ ಕಿತ್ತುಕೊಳ್ತಾರೆ! ದೊಡ್ಡ ಬ್ಯಾಟರ್ ಬ್ರೈಸ್ ಹಾರ್ಪರ್ ಹುಡುಗನಾಗಿದ್ದಾಗ ಕ್ಯಾಚರ್. 2010ರಲ್ಲಿ ಮೊದಲ ಆಯ್ಕೆಯಾಗಿ ತಗೊಂಡ ನ್ಯಾಷನಲ್ಸ್ ತಂಡದವರು ಅವನನ್ನ ಔಟ್‌ಫೀಲ್ಡ್‌ಗೆ ಕಳಿಸಿದರು. ಮಂಡಿ ಉಳಿಯುತ್ತೆ, ಬೇಗ ಮೇಲೆ ಬರ್ತಾನೆ, ಹೆಚ್ಚು ಪಂದ್ಯ ಆಡ್ತಾನೆ ಅನ್ನೋ ಲೆಕ್ಕ. ಜಾಶ್ ಡೊನಾಲ್ಡ್‌ಸನ್ ಕೂಡ ಕ್ಯಾಚರ್ ಆಗಿದ್ದವನು, ಥರ್ಡ್ ಬೇಸ್‌ಗೆ ಹೋಗಿ 2015ರಲ್ಲಿ ಎಂವಿಪಿ ಆದ. ಕೆನ್ಲಿ ಜಾನ್ಸೆನ್‌ಗೆ ತೋಳು ಇತ್ತು, ಬ್ಯಾಟು ಇರಲಿಲ್ಲ, ಅವನನ್ನ ಪಿಚರ್ ಮಾಡಿದರು. ಇಬ್ಬರು ಹುಡುಗರನ್ನ ಹೋಲಿಸುವಾಗ ನಮ್ಮ ಮೊದಲ ಪ್ರಶ್ನೆ ಅದಕ್ಕೇ ಇದು: 25ರ ವಯಸ್ಸಲ್ಲಿ ಇವನು ಇನ್ನೂ ಪ್ಲೇಟ್ ಹಿಂದೆ ಕೂತಿರ್ತಾನಾ?

ಇನ್ನೊಂದು. ಕಿರ್ಮಾನಿ ಎಷ್ಟೇ ದೊಡ್ಡ ಕೀಪರ್ ಆದರೂ ಚಂದ್ರಶೇಖರ್‌ಗೆ ಪ್ರತಿ ಚೆಂಡಿಗೂ ‘ಇದನ್ನ ಹಾಕು’ ಅಂತ ಹೇಳ್ತಿರಲಿಲ್ಲ. ಕ್ಯಾಚರ್ ಹೇಳಬೇಕು, ಪಂದ್ಯಕ್ಕೆ ಸುಮಾರು ನೂರೈವತ್ತು ಸಲ. ಆ ಲೆಕ್ಕ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಬರಲ್ಲ.

ಪ್ರಶ್ನೆ, ಸ್ಯಾನ್ ಆಂಟೋನಿಯೋದಿಂದ

ಮೇಡಂ, 2023ರಲ್ಲಿ ಕ್ಯಾಚರ್ ಈಥನ್ ಸಾಲಸ್ ಇಲ್ಲಿ ಪ್ಯಾಡ್ರೆಸ್‌ನ ಕಿರಿಯರ ತಂಡ ಮಿಷನ್ಸ್‌ಗೆ ಬಂದಾಗ ಹದಿನೇಳು ವರ್ಷದ ಹುಡುಗ, ಡಬಲ್-ಎ! ನಾವೆಲ್ಲ ಬಾಯಿ ಬಿಟ್ಟು ನೋಡಿದ್ವಿ. ಆಮೇಲೆ ಸದ್ದೇ ಇಲ್ಲ. ಪ್ಯಾಡ್ರೆಸ್ ಆತುರ ಮಾಡಿದರಾ?

ಉತ್ತರ

ನನ್ನ ಅಭಿಪ್ರಾಯ ಕೇಳಿದರೆ, ಹೌದು. ಒಂದೇ ವರ್ಷದಲ್ಲಿ ಮೂರು ಹಂತ ಹತ್ತಿಸಿದರು. ಗ್ಲವ್ ಆ ಹಂತಕ್ಕೆ ಸರಿಯಾಗಿತ್ತು, ಬ್ಯಾಟು ಇರಲಿಲ್ಲ. 2024ರಲ್ಲಿ ಒಂದು ಮೆಟ್ಟಿಲು ಕೆಳಗೆ, ಫೋರ್ಟ್ ವೇನ್‌ನಲ್ಲಿ ಇಡೀ ವರ್ಷ ಇಟ್ಟರು, ಹೊಡೆದದ್ದು .206. 2025ರಲ್ಲಿ ನಿಮ್ಮೂರಿಗೆ ಮತ್ತೆ ಬಂದು 10 ಪಂದ್ಯ ಆಡೋಷ್ಟರಲ್ಲಿ ಬೆನ್ನು ಕೈಕೊಟ್ಟಿತು. ಆದರೆ ಅವನು ಹುಟ್ಟಿದ್ದು 2006ರ ಜೂನ್‌ನಲ್ಲಿ. ಅವನ ವಾರಿಗೆಯ ಎಷ್ಟೋ ಹುಡುಗರು ಇನ್ನೂ ಕಾಲೇಜಿನಲ್ಲಿದ್ದಾರೆ. ನಾನಾಗಿದ್ದರೆ ಅವನ ಹೆಸರು ಹೊಡೆದು ಹಾಕ್ತಿರಲಿಲ್ಲ.

ಬಾಲ್ಟಿಮೋರ್ ನೋಡಿ, ಒಂದೇ ಕ್ಲಬ್‌ನಲ್ಲಿ ಎರಡು ದಾರಿ. ಆಡ್ಲಿ ರಚ್‌ಮನ್ ಕಾಲೇಜಿನಲ್ಲಿ ಆಡಿ 2019ರ ಮೊದಲ ಆಯ್ಕೆ, ಮೇಜರ್ ಲೀಗ್‌ಗೆ ಬಂದಾಗ 24. ಸ್ಯಾಮ್ಯುಯೆಲ್ ಬಸಾಯೊ ಡೊಮಿನಿಕನ್ ಹುಡುಗ, ಹದಿನಾರಕ್ಕೇ ಸಹಿ, ಮೇಲೆ ಬಂದಾಗ ಆಗಷ್ಟೇ 21. ಬ್ಯಾಟು ನೋಡಿ ಮೇಲೆ ತಂದರು, ಕ್ಯಾಚಿಂಗ್ ಕೆಲಸವನ್ನ ಅವನು ಅಲ್ಲೇ ಕಲೀತಾ ಇದ್ದಾನೆ. ಸಾಲಸ್‌ನದ್ದು ಗ್ಲವ್ ಮುಂದೆ, ಬ್ಯಾಟು ಹಿಂದೆ. ಬಸಾಯೊನದ್ದು ತಿರುಗಾಮುರುಗಾ. ಇಬ್ಬರಿಗೂ ಒಂದೇ ವಯಸ್ಸಿನ ಕೋಲು ಇಟ್ಟು ಅಳೆದರೆ ತಪ್ಪು ಅಳತೆ ಬರುತ್ತೆ.

ಪ್ರಶ್ನೆ, ಫೀನಿಕ್ಸ್‌ನಿಂದ

2026ರಿಂದ ಮೇಜರ್ ಲೀಗ್‌ಗೂ ಸ್ಟ್ರೈಕ್ ಚಾಲೆಂಜ್ ಯಂತ್ರ (ಅಂಪೈರ್ ಕೊಟ್ಟ ಸ್ಟ್ರೈಕ್ ತೀರ್ಪನ್ನ ಪರೀಕ್ಷಿಸೋದು) ಬಂದ ಮೇಲೆ ಫ್ರೇಮಿಂಗ್ (ಅಂಚಿನ ಚೆಂಡನ್ನ ಸ್ಟ್ರೈಕ್ ಅನ್ನಿಸೋ ಹಾಗೆ ಹಿಡಿಯೋದು) ಕಲಿಸೋದೇ ದಂಡ ಅಂತ ನನ್ನ ಮಗಳ ಸಾಫ್ಟ್‌ಬಾಲ್ ಕೋಚ್ ಹೇಳ್ತಾರೆ. ನಿಜವೇ?

ಉತ್ತರ

ಇಲ್ಲ. ಒಂದು ತಂಡಕ್ಕೆ ಶುರುವಿಗೆ ಸಿಗೋದು ಎರಡೇ ಚಾಲೆಂಜ್, ಸರಿ ಹೋದರೆ ಮಾತ್ರ ಉಳಿಯುತ್ತೆ. ಮಿಕ್ಕ ಚೆಂಡುಗಳಿಗೆಲ್ಲ ಅಂಪೈರ್ ಕಣ್ಣೇ ಗತಿ. ಚಾಲೆಂಜ್ ಕೇಳೋ ಹಕ್ಕಿರೋದು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೇ. ಅದರಲ್ಲಿ ಚೆಂಡನ್ನ ಸರಿಯಾಗಿ ಕಂಡಿರೋನು ಕ್ಯಾಚರ್. ಟ್ರಿಪಲ್-ಎಯಲ್ಲಿ ಇದು ಮೊದಲೇ ನಡೀತಿತ್ತು, ಅಲ್ಲಿ ಯಾವ ಹುಡುಗ ಎಷ್ಟು ಸಲ ಟೋಪಿ ತಟ್ಟಿ ಚಾಲೆಂಜ್ ಕೇಳಿ ಗೆದ್ದ ಅನ್ನೋದನ್ನ ನಾವು ಈಗ ಬರೆದುಕೊಳ್ತೀವಿ. ಮೇಜರ್ ಲೀಗ್‌ನ ಆ ನಿಯಮ ಸಾಫ್ಟ್‌ಬಾಲ್‌ಗೆ ಬರೋದೂ ಇಲ್ಲ, ಮಗಳು ಧಾರಾಳವಾಗಿ ಕಲೀಲಿ.

ಮೊದಲ ಪ್ರಶ್ನೆ ಕೇಳಿದವರು, ನಾಲ್ಕು ದಿನದ ಮೇಲೆ

ಮೇಡಂ, ಶನಿವಾರ ಎವರೆಟ್‌ಗೆ ಹೋಗಿದ್ವಿ. ಒಂದೇ ಎಸೆತಕ್ಕೆ ಮಗನ ವಾಚ್‌ನಲ್ಲಿ 1.96, ನನ್ನದರಲ್ಲಿ 2.11. ಮನೆ ಬರೋವರೆಗೂ ಕಾರಲ್ಲಿ ಅದೇ ಜಗಳ. ಯಾರದು ಸರಿ?

ಉತ್ತರ

ಮಗನದ್ದೇ ಇರಬಹುದು, ನಮ್ಮ ವಯಸ್ಸಿನವರ ಹೆಬ್ಬೆರಳು ನಿಧಾನ. ಮುಂದಿನ ಸಲ ಕಣ್ಣಲ್ಲಿ ನೋಡಿ ಒತ್ತಬೇಡಿ, ಫೋನ್‌ನಲ್ಲಿ ವಿಡಿಯೋ ಮಾಡಿ ಮನೆಗೆ ಬಂದು ಫ್ರೇಮ್ ಎಣಿಸಿ. ಇನಿಂಗ್ಸ್ ನಡುವಿನ ಅಭ್ಯಾಸದ ಎಸೆತ ಲೆಕ್ಕಕ್ಕೆ ಬೇಡ, ನಿಜವಾಗಿ ಓಡೋವನಿದ್ದಾಗ ಮಾತ್ರ. ಮೂರನೇ ಬೇಸ್ ಕಡೆಯ ಸೀಟು ಸಿಕ್ಕರೆ ಎರಡೂ ಗ್ಲವ್ ಒಂದೇ ಚೌಕಟ್ಟಿನಲ್ಲಿ ಬರ್ತವೆ.