ಕೂಲಿ ಲೆಕ್ಕ ಬಾಯಲ್ಲೇ ಹೇಳುವ ಹುಡುಗಿ ಬೋರ್ಡಿನ ಲೆಕ್ಕಕ್ಕೆ ಯಾಕೆ ಹಿಂಜರಿಯುತ್ತಾಳೆ?

ಹತ್ತಿಸೀಮೆ ಟೀಚರ್ ಕೇಳಿದ್ದು:

ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನ ಮಕ್ಕಳ ಮನೆ ನಡೆಯುವುದು ಕೂಲಿಯಿಂದ. ದೀಪಾವಳಿ ಮುಗಿದ ಮೇಲೆ ಕೆಲವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಅವರು ಯುಗಾದಿಗೆ ವಾಪಸ್ ಬರುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ.

ಒಬ್ಬ ಹುಡುಗಿ ನನಗೆ ದಿನಾ ನೆನಪಾಗುತ್ತಾಳೆ. ನಾಲ್ಕನೇ ಕ್ಲಾಸು. ಅವ್ವ ಹತ್ತಿ ಬಿಡಿಸಲು ಹೋಗುತ್ತಾಳೆ, ಮನೆಯಲ್ಲಿ ಕೂಲಿ ಲೆಕ್ಕ ಇಡುವುದು ಈ ಹುಡುಗಿಯೇ. "36 ಕೆಜಿ ಬಿಡಿಸ್ಯಾಳ, ಕೆಜಿಗೆ ಹತ್ತು ರೂಪಾಯಿ, ಮುಂಗಡ 200 ತಗೊಂಡಾಳ, ಇನ್ನೆಷ್ಟು ಬರಬೇಕು?" ಅಂತ ಕೇಳಿದರೆ ಥಟ್ಟನೆ "ನೂರಾ ಅರವತ್ರೀ ಟೀಚರ್" ಅನ್ನುತ್ತಾಳೆ. ಬೋರ್ಡಿನ ಮೇಲೆ 52ರಲ್ಲಿ 38 ಕಳೆ ಅಂತ ಬರೆದರೆ ಸ್ಲೇಟಿನಲ್ಲಿ 26 ಅಂತ ಬರೆದು ಬಳಪ ಇಟ್ಟುಬಿಡುತ್ತಾಳೆ. "ನನಗ ಗಣಿತ ಬರಂಗಿಲ್ರೀ."

ಚಾಕ್ಲೇಟ್ ಕೊಡಿ, ಸ್ಟಾರ್ ಹಾಕಿ, ಚಪ್ಪಾಳೆ ಹೊಡೆಸಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಾ ಮಾಡಿದ್ದೇನೆ. ಆ ಹೊತ್ತಿಗೆ ನಗುತ್ತಾರೆ, ಪುಸ್ತಕ ತೆಗೆದ ಕೂಡಲೇ ಮತ್ತೆ ಸುಮ್ಮನಾಗುತ್ತಾರೆ. ಮೊದಲು ಆಸಕ್ತಿ ಹುಟ್ಟಿಸಬೇಕಾ, ಲೆಕ್ಕ ಕಲಿಸಬೇಕಾ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು, ಧಾರವಾಡ:

ಮೇಡಂ, ಲೆಕ್ಕ ಕಲಿಸಿ. ಆಸಕ್ತಿ ಅದರ ಹಿಂದೆಯೇ ಬರುತ್ತದೆ. ಬಡ ಮಕ್ಕಳಿಗೆ ಓದಿನ ಮೇಲೆ ಮನಸ್ಸಿಲ್ಲ ಅನ್ನುವ ಮಾತನ್ನು ಸ್ಟಾಫ್ ರೂಮುಗಳಲ್ಲಿ ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ದಿನಾ ತಪ್ಪು ಅನ್ನಿಸಿಕೊಳ್ಳುವ ಕೆಲಸದ ಮೇಲೆ ಯಾರಿಗೆ ಮನಸ್ಸು ಇರುತ್ತದೆ?

ಆ 26 ಎಲ್ಲಿಂದ ಬಂತು ನೋಡಿ. ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 8. ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲಿ ಎರಡು ಕಳೆದಿದ್ದಾಳೆ, 6. ಐದರಲ್ಲಿ ಮೂರು ಹೋದರೆ 2. ಅವಳು ಬೇಕಾಬಿಟ್ಟಿ ಬರೆದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ತಾನೇ ಒಂದು ನಿಯಮ ಮಾಡಿಕೊಂಡು, ಅದನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ. 52 ಅನ್ನುವುದು ಅವರಿಗೆ ಐದು ಹತ್ತು, ಎರಡು ಬಿಡಿ ಅಲ್ಲ. ಅಕ್ಕಪಕ್ಕ ಕೂತ 5 ಮತ್ತು 2 ಅಷ್ಟೇ.

ನಾಳೆ ಬೋರ್ಡ್ ಬಿಡಿ, ಅವಳ ಪಕ್ಕ ಕೂತುಕೊಳ್ಳಿ. "ಕೈಯಾಗ 52 ರೂಪಾಯಿ ಐತಿ, ಅಂಗಡ್ಯಾಗ 38 ಕೊಟ್ಟಿ, ಎಷ್ಟು ಉಳೀತು?" ಅಂತ ಕೇಳಿ. 14 ಅಂದೇ ಅನ್ನುತ್ತಾಳೆ. ಹೆಂಗ ಮಾಡಿದಿ ಅಂತಲೂ ಕೇಳಿ, ಅದೇ ಮುಖ್ಯ. 38ಕ್ಕೆ 2 ಹಾಕಿದರೆ 40, ಅಲ್ಲಿಂದ 52ಕ್ಕೆ 12 ಅಂತ ಹೇಳಬಹುದು. ಅವಳು ಹೇಳಿದ್ದನ್ನು ಒಂದು ಗೆರೆ ಎಳೆದು ಹಾಗೇ ಬರೆಯಿರಿ: 38, 40, 52. ಮೇಲೆ ನಡುವಿನ ಅಂತರ 2, 12, ಎರಡೂ ಸೇರಿ 14. "ಇದು ನಿನ್ನ ಲೆಕ್ಕ, ಇದೂ ಗಣಿತಾನೇ" ಅಂತ ಎಲ್ಲರ ಎದುರು ಹೇಳಿ.

ಆಮೇಲೆ ಕಡ್ಡಿ ಕಟ್ಟು. ಜೋಳದ ದಂಟು ನಿಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಹತ್ತರ ಐದು ಕಟ್ಟು, ಬಿಡಿ ಎರಡು. 38 ಕೊಡು ಅಂದರೆ ಬಿಡಿ ಎಂಟು ಇಲ್ಲ, ಅವಳೇ ಒಂದು ಕಟ್ಟು ಬಿಚ್ಚುತ್ತಾಳೆ. ಕಟ್ಟು ಬಿಚ್ಚಿದ ಕೈಯಿಂದಲೇ 5 ಹೊಡೆದು 4 ಮಾಡಲಿ, 2 ಇದ್ದದ್ದನ್ನು 12 ಮಾಡಲಿ. ಸರ್ಕಾರಿ ಶಾಲೆಗಳ ಗಣಿತ ಕಾರ್ಯಕ್ರಮ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಯಲ್ಲೂ ಇರಬೇಕು, ನಾಲ್ಕು ಐದನೇ ತರಗತಿಗೇ ಕೊಟ್ಟಿದ್ದು. ಬೀರುವಿನಲ್ಲಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಮಣಿಚೌಕಟ್ಟು, ತಕ್ಕಡಿ ಮಕ್ಕಳ ಕೈಗೆ ಸಿಗಲಿ. ಕಳೆದುಹೋದರೆ ಹೋಗಲಿ.

ಬಿ.ಎಡ್. ವಿದ್ಯಾರ್ಥಿನಿ:

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಬ್ರೆಜಿಲಿನ ರೆಸಿಫೆ ಊರಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ಒಂದು ಅಧ್ಯಯನ ಆಗಿತ್ತು, 1985ರಲ್ಲಿ ಪ್ರಕಟವಾಯಿತು. ಬರೀ ಐದು ಮಕ್ಕಳು. ವ್ಯಾಪಾರದಲ್ಲಿ ಕೇಳಿದಾಗ 98% ಸರಿ ಉತ್ತರ, ಅಂಥದ್ದೇ ಲೆಕ್ಕ ಹಾಳೆಯ ಮೇಲೆ ಬರೀ ಅಂಕಿಯಾಗಿ ಬಂದಾಗ ಸುಮಾರು 37%. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ನೋಡಿದ್ದೂ ಇದನ್ನೇ, 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಶಾಲೆ ಮಕ್ಕಳ ಕಥೆ ಉಲ್ಟಾ: ಪುಸ್ತಕದ ಲೆಕ್ಕ ಮಾಡುತ್ತಾರೆ, ಅಂಗಡಿ ಲೆಕ್ಕಕ್ಕೆ ತಡವರಿಸುತ್ತಾರೆ. ಎರಡರ ನಡುವೆ ದಾರಿ ತಾನಾಗಿ ಆಗುವುದಿಲ್ಲ, ಟೀಚರ್ ಮಾಡಿಕೊಡಬೇಕು.

ಆಸಕ್ತಿ ಮೊದಲಾ ಅಂದಿರಿ. ಕೆನಡಾದ ಕ್ವೆಬೆಕ್‌ನಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕರವರೆಗೆ ಗಮನಿಸಿದ್ದಾರೆ, 2016ರ ಅಧ್ಯಯನ. ಮೊದಲು ಚೆನ್ನಾಗಿ ಮಾಡಿದವರಿಗೆ ಮುಂದೆ ಇಷ್ಟ ಜಾಸ್ತಿಯಾಗಿತ್ತು. ಮೊದಲು ಇಷ್ಟ ಇತ್ತು ಅಂತ ಮುಂದೆ ಅಂಕ ಜಾಸ್ತಿ ಬಂದದ್ದು ಕಾಣಲಿಲ್ಲ. ನಮ್ಮ ಊರಿನ ಮಕ್ಕಳೇ ಬೇರೆ, ಒಪ್ಪುತ್ತೇನೆ. ಆದರೂ ಚಾಕ್ಲೇಟ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಇದು ಹತ್ತಿರ ಬರುತ್ತದೆ ಅಲ್ವಾ?

ನಿಮ್ಮ ಕ್ಲಾಸೊಂದೇ ಹಿಂದೆ ಬಿದ್ದಿದೆ ಅಂತ ಬೇಜಾರು ಬೇಡ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಸಮೀಕ್ಷೆಯಾದ ಅಸರ್‌ನ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯವರಲ್ಲಿ ಕಳೆಯುವ ಲೆಕ್ಕ ಬರುವುದು 33.7% ಮಕ್ಕಳಿಗೆ ಮಾತ್ರ.

ಹತ್ತಿಸೀಮೆ ಟೀಚರ್:

ಇಬ್ಬರಿಗೂ ಥ್ಯಾಂಕ್ಸ್. ಕಿಟ್ ಇದೆ ಸರ್, ಇವತ್ತೇ ತೆಗೆಸುತ್ತೇನೆ. ಗುಳೆ ಹೋಗುವ ಮಕ್ಕಳದ್ದು ಏನು ಮಾಡಲಿ? ಈ ಹುಡುಗಿಯೂ ಸಂಕ್ರಾಂತಿ ಆದ ಮೇಲೆ ಹೋಗುವ ಮಾತಿದೆ.

ನಿವೃತ್ತ ಮೇಷ್ಟ್ರು, ಧಾರವಾಡ:

ಹೋಗುವ ಮೊದಲು ಅವಳ ಅವ್ವನನ್ನು ಕಂಡು ಮಾತಾಡಿ. ಬೆಂಗಳೂರಲ್ಲಿ ಕೆಲಸದ ಜಾಗದ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬಹುದು. ಟಿಸಿ ತಡ ಆಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಇದು ಎಷ್ಟೋ ತಂದೆ ತಾಯಿಗೆ ಗೊತ್ತಿಲ್ಲ. ಒಂದು ಚೀಟಿಯಲ್ಲಿ ಅವಳಿಗೆ ಏನು ಬರುತ್ತದೆ, ಎಲ್ಲಿ ತಡೆಯುತ್ತದೆ ಅಂತ ಬರೆದು ಕೊಡಿ, ಅಲ್ಲಿನ ಟೀಚರಿಗೆ ಅನುಕೂಲ.

ವಾಪಸ್ ಬಂದವರನ್ನು ಪುಸ್ತಕ ನಡೆಯುತ್ತಿರುವ ಪುಟಕ್ಕೆ ಕೂರಿಸಬೇಡಿ. ದಿನಕ್ಕೆ ಒಂದು ಪೀರಿಯಡ್ ನಾಲ್ಕು, ಐದು ಎರಡೂ ತರಗತಿ ಸೇರಿಸಿ, ಯಾರಿಗೆ ಎಷ್ಟು ಬರುತ್ತದೋ ಅದರ ಮೇಲೆ ಗುಂಪು ಮಾಡಿ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯವರು ಎಷ್ಟೋ ರಾಜ್ಯಗಳಲ್ಲಿ ಹೀಗೇ ಮಾಡಿಸಿದ್ದಾರೆ. ಕಟ್ಟು ಬಿಚ್ಚುವ ಗುಂಪಿಗೆ ಈ ಹುಡುಗಿಯನ್ನೇ ಮುಂದೆ ಕೂರಿಸಿ, ಹತ್ತಿ ತೂಕದ ಲೆಕ್ಕ ಅವಳೇ ಕೇಳಲಿ.