ಕಾರ್ಗೋ ಪೈಲಟ್‌ಗಳ ಸಂಬಳ ಕಡಿತ: ‘ಪರಿಷ್ಕೃತ ಷರತ್ತು’ ಪತ್ರಕ್ಕೆ ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ರಾತ್ರಿಹಾರಾಟ (ಪ್ರಶ್ನೆ)

ಬೇಸ್ ಬೆಂಗಳೂರು, 737-800 ಫ್ರೈಟರ್ (ಸರಕು ವಿಮಾನ), ಫಸ್ಟ್ ಆಫೀಸರ್ (ಸಹ ಪೈಲಟ್). ಒಟ್ಟು ಹಾರಾಟ 1,900 ಗಂಟೆ, ಟೈಪ್ ಮೇಲೆ (ಇದೇ ಮಾದರಿಯ ವಿಮಾನದಲ್ಲಿ) 1,650. ಐದು ವರ್ಷದ ಕಾಂಟ್ರಾಕ್ಟ್‌ನಲ್ಲಿ 2 ವರ್ಷ 8 ತಿಂಗಳು ಮುಗಿದಿದೆ. ಲೀಸ್ ಮುಗಿದ ಒಂದು ವಿಮಾನವನ್ನು ಕಂಪನಿ ವಾಪಸ್ ಕೊಡುತ್ತಿದೆ, ಅದರ ಬದಲಿಗೆ ಇನ್ನೊಂದು ಬರುವ ಸೂಚನೆ ಇಲ್ಲ. ಅಲ್ಲಿಗೆ ಐದಾರು ಜೋಡಿ ಪೈಲಟ್‌ಗಳು ಹೆಚ್ಚುವರಿ.

ಎಚ್‌ಆರ್ ಕಳಿಸಿರುವ ಪತ್ರಕ್ಕೆ ಹತ್ತು ದಿನದೊಳಗೆ ಸಹಿ ಹಾಕಿ ಕೊಡಬೇಕಂತೆ. ಹಳೆಯ ಲೆಕ್ಕ: ಬೇಸಿಕ್ 1,40,000, ಫ್ಲೈಯಿಂಗ್ ಅಲೋಯೆನ್ಸ್ ಗಂಟೆಗೆ 2,000, ಹಾರಲಿ ಬಿಡಲಿ ತಿಂಗಳಿಗೆ 60 ಗಂಟೆ ಗ್ಯಾರಂಟಿ, ಒಟ್ಟು 2,60,000. ಹೊಸ ಲೆಕ್ಕ: ಬೇಸಿಕ್ 1,12,000, ಗ್ಯಾರಂಟಿ 35 ಗಂಟೆ, ಒಟ್ಟು 1,82,000. ತೆರಿಗೆಗೆ ಮೊದಲೇ ಶೇ. 30 ಹೋಯಿತು. ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮತ್ತು ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಸಾಲದ ಕಂತು 74,000, ಮನೆ ಬಾಡಿಗೆ 32,000.

ಸಹಿ ಹಾಕಬೇಕೋ ಬೇಡವೋ? ‘ನೀವಾಗಿಯೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಸಲೀಸು’ ಅಂತ ಬಾಯಿಮಾತಲ್ಲಿ ಹೇಳುತ್ತಿದ್ದಾರೆ, ಇದನ್ನು ಎಷ್ಟು ನಂಬಬಹುದು? ಕೆಲಸ ಹೋದರೆ ಲೈಸೆನ್ಸ್ ಕರೆಂಟ್ ಆಗಿ (ಚಾಲ್ತಿಯಲ್ಲಿ) ಇಟ್ಟುಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಂಬಳಚೀಟಿ

ಎಷ್ಟು ಕಡಿತ ಅನ್ನುವುದಕ್ಕಿಂತ ಯಾವುದರಲ್ಲಿ ಕಡಿತ ಅನ್ನುವುದು ಮುಖ್ಯ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಡಿತಗಳಿವೆ. ಗ್ಯಾರಂಟಿ ಗಂಟೆ 60ರಿಂದ 35ಕ್ಕೆ ಇಳಿದರೆ ಆ ತಿಂಗಳ ಆದಾಯ ಹೋಗುತ್ತದೆ, ಹಾರಾಟ ಹೆಚ್ಚಾದ ದಿನ ವಾಪಸ್ ಬರುತ್ತದೆ. ಬೇಸಿಕ್ ಇಳಿದರೆ ಪಿಎಫ್, ಗ್ರ್ಯಾಚುಟಿ, ರಜೆ ನಗದೀಕರಣ ಎಲ್ಲವೂ ಅದರ ಜೊತೆಗೇ ಇಳಿಯುತ್ತವೆ. ಗ್ರ್ಯಾಚುಟಿ ಲೆಕ್ಕ ಕೊನೆಯ ವೇತನದ ಮೇಲೆ: ವೇತನ × 15 ÷ 26, ಪ್ರತಿ ವರ್ಷದ ಸೇವೆಗೆ. 1,40,000ಕ್ಕೆ ವರ್ಷಕ್ಕೆ 80,769 ಬರುತ್ತದೆ, 1,12,000ಕ್ಕೆ 64,615. ಈ ತಿಂಗಳು ಸಹಿ ಹಾಕಿ ನಾಲ್ಕು ತಿಂಗಳಿಗೆ ಕೆಲಸ ಹೋದರೂ ಹಿಂದಿನ ಎಲ್ಲ ವರ್ಷಗಳಿಗೆ ಕಡಿಮೆ ದರವೇ ಅನ್ವಯ.

‘ಐದು ವರ್ಷ ಆಗಿಲ್ಲ, ಗ್ರ್ಯಾಚುಟಿ ಎಲ್ಲಿಂದ ಬರಬೇಕು’ ಅಂತ ಎಚ್‌ಆರ್‌ನವರು ಹೇಳಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆ ಸಾಕು. ನಿಮ್ಮ ನೇಮಕಾತಿ ಪತ್ರದಲ್ಲಿ ‘ಫಿಕ್ಸೆಡ್ ಟರ್ಮ್’ ಅಂತ ಇದೆಯೋ, ಬರೀ ಬಾಂಡ್ (ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಕರಾರು) ಅವಧಿಯನ್ನು ಐದು ವರ್ಷ ಅಂತ ಬರೆದಿದ್ದಾರೋ ನೋಡಿಕೊಳ್ಳಿ. ಎರಡೂ ಒಂದೇ ಅಲ್ಲ.

ರಿಟ್ರೆಂಚ್‌ಮೆಂಟ್ (ಹೆಚ್ಚುವರಿ ಎಂದು ಕಂಪನಿಯೇ ಕೆಲಸದಿಂದ ತೆಗೆಯುವುದು) ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ವೇತನ. ತಿಂಗಳ ಸಂಬಳದವರಿಗೆ ಆ ಸರಾಸರಿ ತೆಗೆಯುವುದು ಹಿಂದಿನ ಮೂರು ಪೂರ್ಣ ತಿಂಗಳುಗಳಿಂದ. ಹಾಗಾಗಿ ಮೊದಲು ಕಡಿತ, ಮೂರು ತಿಂಗಳು ಕಳೆದ ಮೇಲೆ ವಜಾ ಎಂಬ ಕ್ರಮದಲ್ಲಿ ನಡೆದರೆ ಪರಿಹಾರವೂ ಸಣ್ಣದಾಗುತ್ತದೆ. ಪೈಲಟ್ ‘ವರ್ಕ್‌ಮನ್’ (ಕಾರ್ಮಿಕ ಕಾನೂನಿನ ರಕ್ಷಣೆ ಇರುವ ನೌಕರ) ಹೌದೋ ಅಲ್ಲವೋ ಅನ್ನುವ ತಕರಾರು ಹಳೆಯದು. 2024ರಲ್ಲಿ ದೆಹಲಿ ಹೈಕೋರ್ಟ್ ಹೌದು ಅಂದಿದೆ. ಮೇಲ್ವಿಚಾರಣೆಯ ಹೊಣೆ ಇಲ್ಲದ ಫಸ್ಟ್ ಆಫೀಸರ್‌ಗೆ ಈ ವಾದ ಕಮಾಂಡರ್‌ಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಸಹಿ ಹಾಕುವುದಿಲ್ಲ ಅಂತ ಸುಮ್ಮನೆ ಕೂರಬೇಡಿ. ಹತ್ತು ದಿನದೊಳಗೆ ಇಮೇಲ್‌ನಲ್ಲಿ ಪ್ರತಿ ಪ್ರಸ್ತಾಪ ಕಳಿಸಿ:

– ಬೇಸಿಕ್ ಹಾಗೇ ಇರಲಿ. ಗ್ಯಾರಂಟಿ ಗಂಟೆ ಮಾತ್ರ ಇಳಿಸಲಿ.
– ಇದು ತಾತ್ಕಾಲಿಕ ಅಂತ ಬರೆದು ಕೊನೆಯ ತಾರೀಕು ಹಾಕಲಿ, ಆರು ತಿಂಗಳು ಅನ್ನಿ. ‘ಮುಂದಿನ ಆದೇಶದವರೆಗೆ’ ಅನ್ನುವ ಪದ ಬೇಡ.
– ಈ ಅವಧಿಯಲ್ಲಿ ಕೆಲಸದಿಂದ ತೆಗೆದರೆ ಎಲ್ಲ ಬಾಕಿ ಲೆಕ್ಕ ಹಳೆಯ ವೇತನದ ಮೇಲೆ ಆಗಬೇಕು.

ನನ್ನ ಪ್ರಕಾರ ಮೂರನೆಯದೇ ಪ್ರಾಣ. ಮೊದಲೆರಡಕ್ಕೆ ಒಪ್ಪದ ಕಂಪನಿಗಳೂ ಇದಕ್ಕೆ ಒಪ್ಪುವ ಸಾಧ್ಯತೆ ಇದೆ, ಯಾಕೆಂದರೆ ಈ ತಿಂಗಳು ಅವರ ಕೈಯಿಂದ ಏನೂ ಹೋಗುವುದಿಲ್ಲ.

ರಾಜೀನಾಮೆಯ ಮಾತು: ದಯವಿಟ್ಟು ಬರೆದು ಕೊಡಬೇಡಿ. ನೀವಾಗಿಯೇ ಬಿಟ್ಟರೆ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ. ಜೊತೆಗೆ ನೋಟಿಸ್‌ನ ಹೊಣೆ ನಿಮ್ಮ ಮೇಲೆ. ಡಿಜಿಸಿಎ (ನಾಗರಿಕ ವಿಮಾನಯಾನದ ನಿಯಂತ್ರಕ) ನಿಯಮದಲ್ಲಿ 2017ರಿಂದ ಕಮಾಂಡರ್‌ಗೆ 12 ತಿಂಗಳು, ಫಸ್ಟ್ ಆಫೀಸರ್‌ಗೆ 6 ತಿಂಗಳು. ಕಂಪನಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟರೆ ಮಾತ್ರ ಅದು ಕಡಿಮೆಯಾಗುತ್ತದೆ. ಬಾಯಿಮಾತಿನ ‘ಸಲೀಸು’ ಎನ್‌ಒಸಿ ಅಲ್ಲ. ಆಗಲೇ ಕೊಟ್ಟುಬಿಟ್ಟ ಸಹೋದ್ಯೋಗಿಗಳಿದ್ದರೆ ತಿಳಿಸಿ: ನೋಟಿಸ್ ಅವಧಿ ಮುಗಿಯುವ ಮೊದಲು ರಾಜೀನಾಮೆ ಹಿಂಪಡೆದಿದ್ದ ಏರ್ ಇಂಡಿಯಾ ಪೈಲಟ್‌ಗಳ ಪರವಾಗಿ ದೆಹಲಿ ಹೈಕೋರ್ಟ್ 2021ರ ಜೂನ್‌ನಲ್ಲಿ ತೀರ್ಪು ಕೊಟ್ಟಿತ್ತು.

ಎಡಸೀಟು

ಮೇಲಿನವರು ಹಣದ ಮಾತು ಹೇಳಿದ್ದಾರೆ. ನಾನು ಕಾಗದಪತ್ರ ಮತ್ತು ಕರೆನ್ಸಿಯ (ಹಾರಲು ಅರ್ಹತೆ ಚಾಲ್ತಿಯಲ್ಲಿಡುವ) ವಿಷಯಕ್ಕೆ ಬರುತ್ತೇನೆ. ಕೆಲಸದಲ್ಲಿ ಇರುವಾಗ ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸಕ್ಕೆ ಕೆಲಸ ಹೋದ ಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಇ-ಜಿಸಿಎ (ಡಿಜಿಸಿಎಯ ಆನ್‌ಲೈನ್ ಪೋರ್ಟಲ್) ಲಾಗ್‌ಬುಕ್. ನಿಮ್ಮ ಎಂಟ್ರಿಗಳನ್ನು ದೃಢೀಕರಿಸುವವರು ಕಂಪನಿಯ ಅಧಿಕೃತ ವ್ಯಕ್ತಿ. ಫ್ಲೈಟ್ ಆಪರೇಷನ್ಸ್ ವಿಭಾಗದಲ್ಲಿ ಜನ ಕಡಿಮೆಯಾದಂತೆ ಅದು ಅಲ್ಲೇ ಕೊಳೆಯುತ್ತದೆ, ಕಂಪನಿ ಮುಚ್ಚಿದರೆ ಒತ್ತುವವರೇ ಇರುವುದಿಲ್ಲ. ಇಂದೇ ಲಾಗಿನ್ ಆಗಿ ಬಾಕಿ ಇರುವ ಸೆಕ್ಟರ್‌ಗಳ (ಒಂದೊಂದು ಹಾರಾಟದ) ಪಟ್ಟಿ ಮಾಡಿ, ಇಮೇಲ್ ಹಾಕಿ, ಪೂರ್ತಿ ಆಗುವವರೆಗೆ ಬೆನ್ನು ಬಿಡಬೇಡಿ. ಕಂಪನಿಯ ರೋಸ್ಟರ್ ಸಾಫ್ಟ್‌ವೇರ್‌ನಲ್ಲಿರುವ ಹಾರಾಟದ ವಿವರವನ್ನೂ ಇಳಿಸಿಟ್ಟುಕೊಳ್ಳಿ. ಆ ಲಾಗಿನ್ ಕೊನೆಯ ದಿನವೇ ಸತ್ತುಹೋಗುತ್ತದೆ.

ನಂತರ ತರಬೇತಿ ಫೈಲ್. ಟೈಪ್ ರೇಟಿಂಗ್ ದಾಖಲೆ, ಎಲ್ಲ ಪಿಪಿಸಿ (ಪೈಲಟ್ ಪ್ರಾವೀಣ್ಯ ಪರೀಕ್ಷೆ) ಮತ್ತು ಐಆರ್ (ಇನ್‌ಸ್ಟ್ರುಮೆಂಟ್ ರೇಟಿಂಗ್) ಫಾರಂ, ಲೈನ್ ಚೆಕ್, ಲೋ ವಿಸಿಬಿಲಿಟಿ ಅನುಮತಿ, ಸಿಆರ್‌ಎಂ (ಸಿಬ್ಬಂದಿ ಸಮನ್ವಯ), ಏವ್‌ಸೆಕ್ (ವಿಮಾನಯಾನ ಭದ್ರತೆ), ಡೇಂಜರಸ್ ಗೂಡ್ಸ್ (ಅಪಾಯಕಾರಿ ಸರಕು) ಪ್ರಮಾಣಪತ್ರ. ಇವುಗಳ ಸಹಿ ಇರುವ ಪ್ರತಿ ನಿಮ್ಮ ಹತ್ತಿರ ಇರಬೇಕು. ಡೇಂಜರಸ್ ಗೂಡ್ಸ್ 24 ತಿಂಗಳಿಗೆ ಮುಗಿಯುತ್ತದೆ, ಕಾರ್ಗೋ ಕಂಪನಿಗಳು ಇಂಟರ್‌ವ್ಯೂಗೆ ಮೊದಲೇ ಕೇಳುತ್ತವೆ. ‘ಅಪಘಾತ, ಘಟನೆ, ಉಲ್ಲಂಘನೆ ಇಲ್ಲ’ ಎಂಬ ಪತ್ರವನ್ನು ಫ್ಲೈಟ್ ಸೇಫ್ಟಿಯಿಂದ ಈಗಲೇ ತೆಗೆದುಕೊಳ್ಳಿ. ವಿದೇಶದ ಯೋಚನೆ ಇದ್ದರೆ ಡಿಜಿಸಿಎಯಿಂದ ಲೈಸೆನ್ಸ್ ವೆರಿಫಿಕೇಶನ್, ಪಾಸ್‌ಪೋರ್ಟ್ ಸೇವಾದಿಂದ ಪೊಲೀಸ್ ಕ್ಲಿಯರೆನ್ಸ್ ಎರಡೂ ಬೇಕಾಗುತ್ತವೆ.

ಕರೆನ್ಸಿ: 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್. ಹಾರಾಟ ತಿಂಗಳಿಗೆ 35 ಗಂಟೆಗೆ ಇಳಿದಾಗ ಫ್ರೈಟರ್‌ನಲ್ಲಿ ಇದೇ ಕೈಕೊಡುತ್ತದೆ. ಸೆಕ್ಟರ್ ಕಡಿಮೆ, ಇರುವ ಲ್ಯಾಂಡಿಂಗ್‌ಗಳು ಎಡಸೀಟಿಗೆ (ಕಮಾಂಡರ್‌ಗೆ) ಹೋಗುತ್ತವೆ. ಬ್ರೀಫಿಂಗ್‌ನಲ್ಲೇ ‘ಕ್ಯಾಪ್ಟನ್, ವಾಪಸ್ ಬರುವ ಸೆಕ್ಟರ್ ನಾನು ಹಾರಿಸಲಾ, ಕರೆನ್ಸಿಗೆ ಬೇಕು’ ಅಂತ ಕೇಳಿ, ಸಂಕೋಚ ಬೇಡ. ಪಿಪಿಸಿ ಆರು ತಿಂಗಳಿಗೊಮ್ಮೆ, ಐಆರ್ ವರ್ಷಕ್ಕೊಮ್ಮೆ. ಮುಂದಿನ ಎರಡು ತಿಂಗಳಲ್ಲಿ ಚೆಕ್ ಇದ್ದರೆ ಮುಂದಕ್ಕೆ ಹಾಕಿಸಿಕೊಳ್ಳಬೇಡಿ. ಕಂಪನಿಯ ಖರ್ಚಿನಲ್ಲಿ ಆಗುವ ಕೊನೆಯ ಸಿಮ್ಯುಲೇಟರ್ ಚೆಕ್ ಅದೇ ಆಗಿರಬಹುದು. ಆಮೇಲೆ ಸ್ವಂತ ಖರ್ಚಿನಲ್ಲಿ ಮಾಡುವುದಾದರೆ ಸಿಮ್ಯುಲೇಟರ್ ಬಾಡಿಗೆ, ಎಕ್ಸಾಮಿನರ್ ಶುಲ್ಕ, ಎದುರು ಸೀಟಿನ ಪೈಲಟ್, ಮೂರೂ ನಿಮ್ಮದೇ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರ ಜೊತೆ ಸ್ಲಾಟ್ ಹಂಚಿಕೊಂಡರೆ ಬಾಡಿಗೆ ಅರ್ಧವಾಗುತ್ತದೆ, ಎದುರು ಸೀಟಿನ ಸಮಸ್ಯೆಯೂ ತೀರುತ್ತದೆ. ಕೆಲಸ ಹೋದ ಮರುವಾರವೇ ಮಾಡಿಸಬೇಡಿ. ಇರುವ ಚೆಕ್‌ನ ಅವಧಿ ಮುಗಿಯುವ ಹತ್ತಿರಕ್ಕೆ ಅಥವಾ ಇಂಟರ್‌ವ್ಯೂ ಕರೆ ಬಂದಾಗ ಮಾಡಿಸಿ.

ಎಟಿಪಿಎಲ್ (ಏರ್‌ಲೈನ್ ಕಮಾಂಡರ್ ಆಗಲು ಬೇಕಾದ ಲೈಸೆನ್ಸ್) ಆಗಿಲ್ಲ ಅಂದುಕೊಳ್ಳುತ್ತೇನೆ. ಅದಕ್ಕೆ ಬೇಕಾದ 1,500 ಗಂಟೆ ದಾಟಿದ್ದೀರಿ, ಕಾರ್ಗೋದಲ್ಲಿ ರಾತ್ರಿ ಗಂಟೆಗಂತೂ ಬರ ಇಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಪಿಐಸಿ (ಪೈಲಟ್ ಇನ್ ಕಮಾಂಡ್) ಗಂಟೆಯಲ್ಲಿ. ಮೇಲ್ವಿಚಾರಣೆಯಡಿ ಹಾರಿಸಿದ ಪಿ1 (ಮುಖ್ಯ ಪೈಲಟ್ ಪಾತ್ರದ) ಗಂಟೆಗಳಿಗೆ ಕಮಾಂಡರ್ ಸಹಿ ಬೇಕು. ಈಗಿರುವ ಕಮಾಂಡರ್‌ಗಳು ನಾಲ್ಕು ದಿಕ್ಕಿಗೆ ಚದುರುವ ಮೊದಲು ಅದನ್ನು ಮುಗಿಸಿ.

ನಿಮ್ಮ ಟೈಪ್ ವಿಷಯದಲ್ಲಿ ಸಮಾಧಾನವಿದೆ. 737-800 ಫ್ರೈಟರ್‌ಗೂ ಪ್ರಯಾಣಿಕ ವಿಮಾನಕ್ಕೂ ರೇಟಿಂಗ್ ಒಂದೇ. ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ, ಸ್ಪೈಸ್‌ಜೆಟ್ ಮೂರರಲ್ಲೂ 737 ಇದೆ. 737 ಮ್ಯಾಕ್ಸ್‌ಗೆ ಹೋಗಲು ಡಿಫರೆನ್ಸಸ್ (ವ್ಯತ್ಯಾಸಗಳ) ತರಬೇತಿ ಸಾಕು, ಹೊಸ ಟೈಪ್ ರೇಟಿಂಗ್ ಬೇಡ. 757 ಹಾರಿಸುವವರ ಪಾಡು ಕಷ್ಟ. ಅದನ್ನು ಇಟ್ಟುಕೊಂಡ ಪ್ರಯಾಣಿಕ ಏರ್‌ಲೈನ್ ನಮ್ಮಲ್ಲಿ ಇಲ್ಲ. 757/767 ಜಂಟಿ ರೇಟಿಂಗ್ ಹಿಡಿದು ಹೊರದೇಶದ ಕಾರ್ಗೋ ಕಂಪನಿಗಳ ಕಡೆಗೇ ನೋಡಬೇಕು. ಅರ್ಜಿಯಲ್ಲಿ ಗಂಟೆಗಳ ಜೊತೆ ಸೆಕ್ಟರ್ ಸಂಖ್ಯೆಯನ್ನೂ ಬರೆಯಿರಿ.

ಬಿಡುಗಡೆ ಪತ್ರದಲ್ಲಿ ಕಾರಣ ‘ವಿಮಾನಗಳ ಸಂಖ್ಯೆ ಇಳಿಕೆಯಿಂದ ಹುದ್ದೆ ರದ್ದು’ ಅಂತ ಇರಲಿ. ಬರೀ ‘ಟರ್ಮಿನೇಟೆಡ್’ ಅಂತಿದ್ದರೆ ಮುಂದಿನ ಪ್ರತಿ ಅರ್ಜಿಯಲ್ಲೂ ವಿವರಣೆ ಕೊಡುತ್ತಾ ಕೂರಬೇಕು.

ಬಜ್ಪೆ_ರನ್‌ವೇ24

ಮನೆಖರ್ಚಿನ ಕಡೆ ಎರಡು ಮಾತು. ಕಂತು ಮತ್ತು ಬಾಡಿಗೆಗೇ 1,06,000 ಹೋಗುತ್ತದೆ. 1,82,000ದಲ್ಲಿ ಪಿಎಫ್, ತೆರಿಗೆ ಕಳೆದರೆ ಉಳಿಯುವುದು ತೀರಾ ಕಡಿಮೆ. ಬ್ಯಾಂಕಿಗೆ ಒಂದು ಕಂತೂ ತಪ್ಪುವ ಮೊದಲೇ ಹೋಗಿ. ಕಡಿತದ ಪತ್ರ, ಕೊನೆಯ ಮೂರು ಸಂಬಳ ಚೀಟಿ ತೋರಿಸಿ ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಲು ಲಿಖಿತ ಅರ್ಜಿ ಕೊಡಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ಕಟ್ಟುಬಾಕಿ ಸಾಲ), ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಅಪ್ಪ ಅಮ್ಮ ಜಾಮೀನು ಹಾಕಿದ್ದರೆ ಅಥವಾ ಮನೆ ಅಡ ಇದ್ದರೆ ಅವರಿಗೆ ಈಗಲೇ ಹೇಳಿ. ನೋಟಿಸ್ ಅವರ ಹೆಸರಿಗೂ ಹೋಗುತ್ತದೆ.

ಪಿಎಫ್ ತೆಗೆಯುವ ಮುನ್ನ ಯೋಚಿಸಿ. ಐದು ವರ್ಷ ತುಂಬದೆ ತೆಗೆದರೆ ತೆರಿಗೆ ಬೀಳುತ್ತದೆ. ಹಿಂದಿನ ಕಂಪನಿಯ ಖಾತೆ ಇದ್ದರೆ ಅದನ್ನು ಈಗಿನದಕ್ಕೆ ವರ್ಗಾಯಿಸಿ, ಆ ವರ್ಷಗಳೂ ಸೇರುತ್ತವೆ.

ಗುಂಪು ಆರೋಗ್ಯ ವಿಮೆ ಮತ್ತು ಲಾಸ್ ಆಫ್ ಲೈಸೆನ್ಸ್ ವಿಮೆ (ಆರೋಗ್ಯದ ಕಾರಣಕ್ಕೆ ಲೈಸೆನ್ಸ್ ಹೋದರೆ ಸಿಗುವ ವಿಮೆ) ಎರಡೂ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ನಿಲ್ಲುತ್ತವೆ. ಆರೋಗ್ಯ ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು, ಕಾಯುವ ಅವಧಿ ಮೊದಲಿಂದ ಶುರುವಾಗುವುದಿಲ್ಲ. ಅರ್ಜಿ ಮಾತ್ರ ಕೆಲಸದಲ್ಲಿ ಇರುವಾಗಲೇ ಹಾಕಿ. ಕೆಲಸ ಇಲ್ಲ ಅಂತ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ) ಬಿಡಬೇಡಿ. ಅವಧಿ ಮುಗಿಸಿಕೊಂಡ ಅರ್ಜಿಯನ್ನು ಯಾರೂ ಮೇಲೆ ಎತ್ತುವುದಿಲ್ಲ.

ಇನ್ನೊಂದು. ವರ್ಷಗಟ್ಟಲೆ ರಾತ್ರಿ ಹಾರಿಸಿದ ಮೈ ಥಟ್ಟನೆ ಹಗಲಿಗೆ ಹೊಂದುವುದಿಲ್ಲ, ಮೇಲೆ ಕೆಲಸದ ಚಿಂತೆ. ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಡಿಜಿಸಿಎ ಮೆಡಿಕಲ್ ಎಕ್ಸಾಮಿನರ್ ಹತ್ತಿರ ಕೇಳದೆ ಯಾವ ಔಷಧಿಯೂ ಬೇಡ. ಪೈಲಟ್‌ಗಳಿಗೆ ಪೀರ್ ಸಪೋರ್ಟ್ (ಸಹೋದ್ಯೋಗಿಗಳಿಂದ ಮಾನಸಿಕ ನೆರವು) ಇರಬೇಕು ಅಂತ ಡಿಜಿಸಿಎ 2023ರಲ್ಲಿ ಸುತ್ತೋಲೆ ಹೊರಡಿಸಿದೆ. ನಿಮ್ಮ ಕಂಪನಿಯಲ್ಲಿ ಅದು ಇದ್ದರೆ ಈಗಲೇ ಬಳಸಿಕೊಳ್ಳಿ, ಮನಸ್ಸು ಹಿಡಿತ ತಪ್ಪುವವರೆಗೆ ಕಾಯಬೇಡಿ.

ರಾತ್ರಿಹಾರಾಟ

ಎಲ್ಲರಿಗೂ ಧನ್ಯವಾದ. ಒಂದು ವಿಷಯ ಬಿಟ್ಟುಹೋಗಿತ್ತು: ಟೈಪ್ ರೇಟಿಂಗ್ ನಂತರದ ಮೂರು ವರ್ಷದ ಬಾಂಡ್ 20 ಲಕ್ಷಕ್ಕೆ ಇದೆ, ಇನ್ನು 4 ತಿಂಗಳು ಬಾಕಿ. ತಾರೀಕು ಹಾಕದ, ಸಹಿ ಮಾಡಿದ ಮೂರು ಚೆಕ್ ಕಂಪನಿಯ ಹತ್ತಿರ ಇವೆ. ಅವರೇ ತೆಗೆದರೂ ಬಾಂಡ್ ಹಣ ಕಟ್ಟಬೇಕಾ? ಕಂಪನಿಯೇ ದಿವಾಳಿ ಎದ್ದರೆ?

ಸಂಬಳಚೀಟಿ

ಬಾಂಡ್‌ನಲ್ಲಿ ನೋಡಬೇಕಾದ ಪದಗಳು: ‘ನೌಕರ ಸ್ವಇಚ್ಛೆಯಿಂದ ಬಿಟ್ಟರೆ’ ಅಂತಿದೆಯೋ, ‘ಯಾವುದೇ ಕಾರಣಕ್ಕೆ ಸೇವೆ ಕೊನೆಗೊಂಡರೆ’ ಅಂತಿದೆಯೋ. ಮೊದಲನೆಯದಾದರೆ ಅವರು ತೆಗೆದಾಗ ನೀವು ಕೊಡುವುದೇನೂ ಇಲ್ಲ. ಎರಡನೆಯದಾದರೂ ವಿಮಾನ ವಾಪಸ್ ಕೊಟ್ಟು ಹುದ್ದೆ ರದ್ದು ಮಾಡಿದವರು ನಿಮ್ಮಿಂದ ನಷ್ಟ ಆಯಿತು ಅಂತ ಸಾಧಿಸುವುದು ಕಷ್ಟ; ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 74 ಕೊಡಿಸುವುದು ನ್ಯಾಯಯುತ ಪರಿಹಾರ ಮಾತ್ರ. ಆದರೆ ತಾವಾಗಿಯೇ ಬಿಟ್ಟವರ ಕಥೆ ಬೇರೆ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಬಾಂಡನ್ನು ಎತ್ತಿಹಿಡಿದಿದೆ. ರಾಜೀನಾಮೆ ಕೊಡಬೇಡಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ. ಕೊಡಲೇಬೇಕಾಗಿ ಬಂದರೆ, ಆರು ತಿಂಗಳ ನೋಟಿಸ್ ಪೂರ್ತಿ ಮಾಡುವಷ್ಟರಲ್ಲಿ ನಿಮ್ಮ ಬಾಂಡ್ ಮುಗಿದಿರುತ್ತದೆ. ಅದಕ್ಕೆ ಬಾಂಡ್ ಅವಧಿಯನ್ನು ರಿಲೀವಿಂಗ್ ದಿನದವರೆಗೆ ಲೆಕ್ಕ ಹಾಕುತ್ತಾರೋ, ರಾಜೀನಾಮೆ ಕೊಟ್ಟ ದಿನದವರೆಗೋ ಎಂದು ಮೊದಲು ಓದಿ. ನೋಟಿಸ್ ಮನ್ನಾ ಮಾಡುತ್ತೇವೆ ಅಂದರೆ ಬಾಂಡ್ ಕೂಡ ಮನ್ನಾ ಅಂತ ಅದೇ ಪತ್ರದಲ್ಲಿ ಬರೆಸಿ.

ದಿವಾಳಿ ಪ್ರಕ್ರಿಯೆ ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿಗೆ) ಹೋದರೆ ಮಧ್ಯಂತರ ಪರಿಹಾರ ವೃತ್ತಿಪರರಿಗೆ (ಆ ಪ್ರಕ್ರಿಯೆ ನಡೆಸಲು ನೇಮಕವಾದವರಿಗೆ) ಫಾರಂ ಡಿ (ನೌಕರರ ಬಾಕಿ ಕೇಳುವ ಅರ್ಜಿ) ಸಲ್ಲಿಸಬೇಕು. ನೇಮಕಾತಿ ಪತ್ರ, ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಬಾಕಿಯ ವಿವರ ಲಗತ್ತಿಸಿ. ಪ್ರಕಟಣೆಯಲ್ಲಿರುವ ಕೊನೆಯ ದಿನ ತಪ್ಪಿಸಬೇಡಿ. ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಕಂಪನಿ ಮುಚ್ಚುವ ಹಂತಕ್ಕೆ) ಹೋದಾಗ ವರ್ಕ್‌ಮನ್‌ಗೆ ಹಿಂದಿನ 24 ತಿಂಗಳ ಬಾಕಿ ಅಡಮಾನದ ಮೇಲೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತದೆ, ಉಳಿದ ನೌಕರರಿಗೆ 12 ತಿಂಗಳದ್ದು, ಅದೂ ಅವರ ಕೆಳಗೆ. ಪಿಎಫ್, ಗ್ರ್ಯಾಚುಟಿ ನಿಧಿಯ ಹಣ ಈ ಹಂಚಿಕೆಗೆ ಸೇರುವುದಿಲ್ಲ. ಆದರೆ ಹಣ ಬೇಗ ಬರುತ್ತದೆ ಅಂತ ನೆಚ್ಚಬೇಡಿ: ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಲಿಕ್ವಿಡೇಶನ್‌ಗೆ ಆದೇಶಿಸಿದ್ದು 2024ರ ನವೆಂಬರ್‌ನಲ್ಲಿ. ಹಾಗಾಗಿ ಬಾಕಿ ಎರಡು ತಿಂಗಳು ಮೀರಲು ಬಿಡದೆ ಲಿಖಿತವಾಗಿ ಕೇಳುತ್ತಿರಿ.

ಚೆಕ್ ವಿಷಯ: ಮೂರರ ನಂಬರ್, ಕೊಟ್ಟ ದಿನ, ಯಾವ ಕಾರಣಕ್ಕೆ ಕೊಟ್ಟಿದ್ದು ಎಂಬುದನ್ನು ಬರೆದು ಎಚ್‌ಆರ್‌ಗೆ ಈಗಲೇ ಇಮೇಲ್ ಮಾಡಿ, ‘ಬಾಂಡ್‌ನ ಭದ್ರತೆಗೆ ಮಾತ್ರ ಕೊಟ್ಟ ಚೆಕ್‌ಗಳು, ಸದ್ಯ ಯಾವ ಬಾಕಿಯೂ ಇಲ್ಲ, ಅವಧಿ ಮುಗಿದಾಗ ಹಿಂದಿರುಗಿಸಿ’ ಅಂತ. ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಹಾಕಿದ ಮಾತ್ರಕ್ಕೆ ಸೆಕ್ಷನ್ 138ರ (ಚೆಕ್ ಬೌನ್ಸ್) ಕೇಸು ತಪ್ಪುವುದಿಲ್ಲ. ಚೆಕ್ ವಾಪಸಾಗಿ ವಕೀಲರ ನೋಟಿಸ್ ಬಂದರೆ ಕೈಗೆ ಸಿಕ್ಕ ದಿನದಿಂದ 15 ದಿನ ಇರುತ್ತದೆ. ಆ ಇಮೇಲ್ ಲಗತ್ತಿಸಿ ಅಷ್ಟರೊಳಗೆ ವಕೀಲರ ಮೂಲಕ ಉತ್ತರ ಕೊಡಿಸಿ.